ಎದುರಾಳಿಯ ಕ್ಷೇಮ

ಮೂವತ್ತು ವರ್ಷಕ್ಕೂ ಮಿಕ್ಕಿ ಸಂಸ್ಕೃತದ ಪಾಠ ಹೇಳಿ ನಿವೃತ್ತನಾದ ಮೇಷ್ಟರೊಬ್ಬನು ಕಬಡ್ಡಿಯ ವಿಷಯವಾಗಿ ಬರೆಯಲು ಕುಳಿತನೆಂದರೆ ವಾಚಕ ಮಹಾಶಯರಿಗೆ ನಗೆ ಬರುವುದು ಸಹಜವೇ. ನಗಲಡ್ಡಿಯಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ನಕ್ಕವಳು ನನ್ನ ಹೆಂಡತಿ. ನಾನು ಹುಡುಗನಾಗಿದ್ದಾಗ ಆಟದ ಬಯಲಿನಲ್ಲಿ ನನಗಿದ್ದ ಕೆಲಸವೆಂದರೆ ಆಡುವವರ ಅಂಗಿಗಳನ್ನೂ ಚಪ್ಪಲಿಗಳನ್ನೂ ಕಾಯುತ್ತ ಬೇಲಿಯ ಬಳಿ ಕುಳಿತಿರುವುದು. ಮುಂದೆ ಉಪಾಧ್ಯಾಯನಾದ ಮೇಲೆ ಆಟದ ಪೀರಿಯಡ್ಡನ್ನು, ಬಾಕಿ ಉಳಿದ ಶಬ್ದರೂಪಗಳನ್ನು ಒಪ್ಪಿಸಿಕೊಳ್ಳಲು ದೊರೆತ ಹೊತ್ತೆಂದೇ ತಿಳಿದಿದ್ದೆನು. ಇಂತಹವನು ಅರವತ್ತು ತುಂಬಿದ ಮೇಲೆ ಆಟದ ಅಂಗಳದಲ್ಲಿ ಒಂದು ಪಾಠ ಕಲಿತನು. ಅದಕ್ಕೆ ತೆತ್ತ ಬೆಲೆಯೂ ಸ್ವಲ್ಪವೇನಲ್ಲ. ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ಅದನ್ನು ಹೇಳಿಕೊಂಡರೆ ಮತ್ತೊಬ್ಬರಿಗೆ ಆ ಬೆಲೆ ಉಳಿದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಮ್ಮ ಊರು ಸಖರಾಯಪಟ್ಟಣ. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಶಕುನಗಿರಿಯೂ ಅಯ್ಯನಕೆರೆಯೂ ಹತ್ತಿರದಲ್ಲಿಯೇ ಇವೆ. ೨೦೨೩ರ ಮೇ ತಿಂಗಳಲ್ಲಿ ಕೆಲಸದಿಂದ ನಿವೃತ್ತನಾಗಿ, ಜಗುಲಿಯ ಮೇಲೆ ಕುಳಿತು ಹಳೆಯ ಪುಸ್ತಕಗಳ ಧೂಳು ಕೊಡವುತ್ತಿದ್ದೆನು. ಆ ವರ್ಷ ಮಾರ್ಗಶಿರದ ಒಂದು ಸಂಜೆ ಊರಿನ ಆರೇಳು ಮಂದಿ ತರುಣರು ಬಂದರು. ಅವರ ಮುಂದೆ ನಿಂತಿದ್ದವನು ನನ್ನ ತಮ್ಮನ ಮಗ. ಊರ ತಂಡದ ನಾಯಕನು ಅವನೇ.

"ಮೇಷ್ಟ್ರೇ, ಸಂಕ್ರಾಂತಿ ಕಳೆದ ಮೇಲೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇಟ್ಕೊಂಡಿದ್ದೀವಿ. ನೀವು ಅಧ್ಯಕ್ಷರಾಗಬೇಕು" ಎಂದನು ಒಬ್ಬ.

"ಅಪ್ಪಾ, ಕಬಡ್ಡಿಯಲ್ಲಿ ಎಷ್ಟು ಜನ ಆಡುತ್ತಾರೆಂಬುದೇ ನನಗೆ ತಿಳಿಯದಲ್ಲ" ಎಂದೆನು.

"ಆಟ ನಮಗೆ ಬಿಡಿ ಸಾರ್. ಲೆಕ್ಕ ನಿಮ್ಮ ಕೈಯಲ್ಲಿದೆ ಅಂದ್ರೆ ಊರಿನೋರು ಚಂದಾ ಕೊಡ್ತಾರೆ."

"ದೊಡ್ಡಪ್ಪ, ಆಗಲ್ಲ ಅನ್ನಬೇಡಿ" ಎಂದನು ತಮ್ಮನ ಮಗ. ಹೊಗಳಿಕೆಗೆ ಮೇಷ್ಟರೂ ಹೊರತಲ್ಲ. ಒಪ್ಪಿಕೊಂಡೆನು.

ಸಂಕ್ರಾಂತಿಗೆ ಮಗಳೂ ಅಳಿಯಂದಿರೂ ಮೊಮ್ಮಗಳೂ ಬಂದರು. ಅಳಿಯಂದಿರು ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆಯನ್ನು ನಡೆಸುವವರು. ಕೈಯಿಂದ ದುಡಿದು ಮೇಲೆ ಬಂದ ಬುದ್ಧಿವಂತರು. ನನ್ನ ಅಳುಕನ್ನು ಕಂಡು ಅವರು, "ಇದರಲ್ಲಿ ಹೆದರುವುದೇನಿದೆ ಮಾವ? ಅಂಗಡಿಯಾಗಲಿ, ಕಾರ್ಖಾನೆಯಾಗಲಿ, ಆಟವಾಗಲಿ, ನಡೆಸುವ ಕ್ರಮ ಒಂದೇ. ಒಳ್ಳೆಯ ಕೆಲಸಗಾರರನ್ನು ಸೇರಿಸಿಕೊಳ್ಳಿ. ಖರ್ಚು ಹಿಡಿಯಿರಿ. ನಿಯಮ ಸಡಿಲಿಸಬೇಡಿ. ಪೈಪೋಟಿಯವನು ಎಡವಿದರೆ ನಿಂತು ಎತ್ತಬೇಡಿ, ನಿಮ್ಮ ದಾರಿ ನೀವು ನೋಡಿಕೊಳ್ಳಿ" ಎಂದರು. ಕೇಳುವುದಕ್ಕೆ ನ್ಯಾಯವಾಗಿಯೇ ಇದ್ದಿತು. ನಾನು ಅದನ್ನು ಸೂತ್ರದಂತೆ ಪಾಲಿಸಿದೆನು.

ಆ ವರ್ಷ ಹದಿನಾರು ತಂಡಗಳು ಹೆಸರು ಕೊಟ್ಟವು. ಒಳ್ಳೆಯ ಕೆಲಸಗಾರರೆಂಬ ಸೂತ್ರದಂತೆ ನಮ್ಮ ಊರ ತಂಡಕ್ಕೆ ಹೊರಗಿನ ನಾಲ್ವರು ನುರಿತ ಆಟಗಾರರನ್ನು ಹಣ ಕೊಟ್ಟು ಕರೆಯಿಸಿದೆವು. ಬಹುಮಾನದ ಹಣವನ್ನು ಹಂಚಿ ಹಾಳುಮಾಡುವುದೇಕೆಂದು ಬಹುಪಾಲನ್ನು ಮೊದಲನೆಯ ಸ್ಥಾನಕ್ಕೇ ಇಟ್ಟೆವು. ಹೇಳಿದ ಹೊತ್ತಿಗೆ ಕಾಲು ಗಂಟೆಯೊಳಗೆ ಅಂಗಳಕ್ಕೆ ಇಳಿಯದ ತಂಡ ಸೋತಂತೆಯೇ ಎಂಬ ಕಟ್ಟಳೆಯನ್ನು ನಾನೇ ಕೈಯಾರ ಬರೆದು ಚಪ್ಪರದ ಕಂಬಕ್ಕೆ ಅಂಟಿಸಿದೆನು.

ನಾಲ್ಕರ ಘಟ್ಟದಲ್ಲಿ ನಮಗೆ ಎದುರಾಗಬೇಕಾಗಿದ್ದುದು ಅಯ್ಯನಕೆರೆಯ ಕೆಳಗಿನ ಬಯಲಿನ ಒಂದು ಹಳ್ಳಿಯ ತಂಡ. ನಮ್ಮವರನ್ನು ಸೋಲಿಸಬಲ್ಲವರು ಅವರೊಬ್ಬರೇ ಎಂದು ಎಲ್ಲರೂ ಬಲ್ಲರು. ಹೊತ್ತಾಯಿತು, ಅವರು ಬರಲಿಲ್ಲ. ಅರ್ಧ ಗಂಟೆಯ ಮೇಲೆ, ಕೈಯಲ್ಲಿ ಚೀಲಗಳನ್ನು ಹಿಡಿದುಕೊಂಡು, ಬೆವರು ಸುರಿಸುತ್ತ ರಸ್ತೆಯ ಕಡೆಯಿಂದ ಓಡಿ ಬಂದರು. ಅವರು ಬರುತ್ತಿದ್ದ ಟೆಂಪೋ ದಾರಿಯಲ್ಲಿ ಕೆಟ್ಟು ನಿಂತು, ಉಳಿದ ದೂರವನ್ನು ನಡೆದೇ ಬಂದಿದ್ದರು. ನಾನು ಕೈಗಡಿಯಾರವನ್ನು ನೋಡಿದೆನು. ತಡವಾಗಿ ಬಂದ ಮಕ್ಕಳನ್ನು ಮೂವತ್ತು ವರ್ಷ ಬಾಗಿಲಲ್ಲಿ ನಿಲ್ಲಿಸಿದ ಗಡಿಯಾರ ಅದು. ಕಟ್ಟಳೆಯನ್ನು ತೋರಿಸಿದೆನು. ಅವರ ನಾಯಕ, ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವ ಹುಡುಗ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದನು: "ಗಾಡಿ ಕೆಟ್ಟಿತ್ತು ಸಾರ್. ಸೋಲಿಸಿ ಕಳಿಸಿ; ಆಡಿಸದೆ ಕಳಿಸಬೇಡಿ."

"ನಿಯಮ ಎಲ್ಲರಿಗೂ ಒಂದೇ ಅಪ್ಪಾ" ಎಂದೆನು. ಅವರು ಮಾತಾಡದೆ ಹಿಂದಿರುಗಿದರು.

ಕೊನೆಯ ಪಂದ್ಯದಲ್ಲಿ ನಮಗೆ ಎದುರಾದವರು ಪಾಪ, ಮೀಸೆ ಮೂಡದ ಹುಡುಗರು. ಮೊದಲರ್ಧದಲ್ಲಿಯೇ ಅವರ ಅಂಗಳ ಮೂರು ಸಲ ಬರಿದಾಯಿತು. ಎರಡನೆಯ ಅರ್ಧಕ್ಕೆ ಸೀಟಿ ಊದುವ ಹೊತ್ತಿಗೆ ಜನ ಚಾಪೆ ಸುತ್ತಿಕೊಂಡು ಮನೆಯ ದಾರಿ ಹಿಡಿದಿದ್ದರು. ಮೆಣಸಿನಕಾಯಿ ಬೋಂಡ ಕರಿಯುತ್ತಿದ್ದ ಮುದುಕನು, "ಕಲಸಿದ ಹಿಟ್ಟು ಹಾಗೇ ಉಳೀತು ಮೇಷ್ಟ್ರೇ. ಆಟ ಇದ್ರೆ ತಾನೇ ಜನ ನಿಲ್ಲೋದು?" ಎಂದನು. ಕಪ್ಪು ನಮ್ಮ ಊರಿಗೇ ಬಂದಿತು. ನಾನು ಧ್ವನಿವರ್ಧಕದ ಮುಂದೆ ನಿಂತು ಕ್ರೀಡೆಯ ಮಹಿಮೆಯನ್ನು ಕುರಿತು ಇಪ್ಪತ್ತು ನಿಮಿಷ ಭಾಷಣ ಮಾಡಿದೆನು. ಲೆಕ್ಕದಲ್ಲಿ ೬,೨೦೦ ರೂಪಾಯಿ ಉಳಿದಿತ್ತು. ಅಳಿಯಂದಿರು ದೂರವಾಣಿಯಲ್ಲಿ ಭೇಷ್ ಎಂದರು.

ಮರುವರ್ಷ ಮತ್ತೆ ಹದಿನಾರು ಊರುಗಳಿಗೆ ಕರೆ ಕಳುಹಿಸಿದೆವು. ಹೆಸರು ಕೊಟ್ಟವರು ಐದೇ ತಂಡದವರು. ಕೆರೆಯ ಬಯಲಿನ ಹಳ್ಳಿಯಿಂದ ಉತ್ತರವೇ ಇಲ್ಲ. ಬೇರೊಂದು ಊರಿನವರು, "ನಿಮ್ಮೂರಿನ ಕಪ್ಪು ನಿಮ್ಮೂರಲ್ಲೇ ಇರಲಿ ಬಿಡಿ" ಎಂದು ಹೇಳಿ ಕಳುಹಿಸಿದರು. ಪೈಪೋಟಿಯವರೆಲ್ಲ ತಾವಾಗಿ ದೂರ ಸರಿದಿದ್ದರು. ಅಳಿಯಂದಿರ ಶಾಸ್ತ್ರದಂತೆ ಇದಕ್ಕಿಂತ ದೊಡ್ಡ ಗೆಲುವು ಬೇರೆ ಇರಲಾರದು. ಆದರೆ ಅಂಗಡಿಯ ಬಾಗಿಲು ಮುಚ್ಚುವ ಹೊತ್ತು ಬಂದಿದ್ದುದು ನಮಗೇ!

ಇದೇನು ಸೋಜಿಗವೆಂದು ಯೋಚಿಸುತ್ತ ಕುಳಿತಿದ್ದ ರಾತ್ರಿ, ನಡುಮನೆಯಲ್ಲಿ ನನ್ನ ಹೆಂಡತಿಯೂ ಮೊಮ್ಮಗಳೂ ಚೌಕಾಬಾರ ಆಡುತ್ತಿದ್ದರು. ನಾಲ್ಕು ಕಾಯಿಗಳ ಆಟದಲ್ಲಿ ಅಜ್ಜಿಯ ಮುಂದೆ ಮೂರೇ ಕಾಯಿಗಳಿದ್ದುವು. ಇದೇನೆಂದು ಕೇಳಿದೆನು.

"ನಾನೇ ಗೆಲ್ತಾ ಹೋದ್ರೆ ಮಗು ಎದ್ದು ಹೋಗುತ್ತೆ. ಆಮೇಲೆ ನಾನು ಯಾರ ಜೊತೆ ಆಡಲಿ?" ಎಂದಳು.

"ಹಾಗಾದರೆ ಬೇಕೆಂದೇ ಸೋತುಬಿಡಬಾರದೆ?"

"ಅಯ್ಯೋ, ಅದು ಅವಳಿಗೆ ಗೊತ್ತಾಗಲ್ವೆ? ಒಂದು ಕಾಯಿ ಕಡಮೆ ಇಟ್ಕೊಂಡು ನಿಜವಾಗಿ ಆಡ್ತೀನಿ."

ನಾನು ತತ್ತರಿಸಿದೆನು. ಯಾವುದನ್ನು ನಾನು ವರ್ಷವೆಲ್ಲ ತಡಕಾಡಿದೆನೋ ಅದನ್ನು ಈಕೆ ಕವಡೆ ಉರುಳಿಸುತ್ತ ಹೇಳಿಬಿಟ್ಟಿದ್ದಳು.

ಬೇರೆ ಉದ್ಯಮಗಳಿಗೂ ಆಟಕ್ಕೂ ಇರತಕ್ಕ ಮೂಲಭೇದ ಇಲ್ಲಿದೆ. ಒಂದೇ ಬೀದಿಯಲ್ಲಿ ಕೊಬ್ಬರಿಯ ಎರಡು ಮಂಡಿಗಳಿದ್ದು, ಒಂದು ಮುಚ್ಚಿದರೆ ಇನ್ನೊಂದಕ್ಕೆ ವ್ಯಾಪಾರ ಹೆಚ್ಚುತ್ತದೆ. ಕೊಬ್ಬರಿಯನ್ನು ತೂಗಿ ಮಾರುವುದಕ್ಕೆ ಎದುರಂಗಡಿಯವನ ಸಹಾಯ ಬೇಡ. ಆದರೆ ಮಲ್ಲನೊಬ್ಬನೇ ಕುಸ್ತಿಯನ್ನು ಹುಟ್ಟಿಸಲಾರನು, ಪ್ರತಿಮಲ್ಲನು ಬೇಕು. ಆಟವೆಂಬ ಸರಕು ಇಬ್ಬರು ವಿರೋಧಿಗಳು ಕೂಡಿ ಮಾಡುವ ಸರಕು. ಎದುರಾಳಿಯು ಇಲ್ಲಿ ಪಾಲುದಾರನೂ ಹೌದು. ಅವನು ಬಡವಾದಷ್ಟೂ ನಮ್ಮ ಸರಕು ಬಡವಾಗುತ್ತದೆ.

ಈ ಮಾತನ್ನು ಪಂಡಿತರೂ ವಿಚಾರಿಸಿದ್ದಾರೆ. ವಾಲ್ಟರ್ ನೀಲ್ ಎಂಬ ಅರ್ಥಶಾಸ್ತ್ರಜ್ಞರು ೧೯೬೪ರಲ್ಲಿ ಬರೆದ ಒಂದು ಲೇಖನದಲ್ಲಿ ಜೋ ಲೂಯಿಸ್ ಎಂಬ ಅಮೆರಿಕದ ಮುಷ್ಟಿಮಲ್ಲನ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗನು ೧೯೩೬ರಲ್ಲಿ ಲೂಯಿಸನನ್ನು ಸೋಲಿಸಿದನು. ೧೯೩೮ರಲ್ಲಿ ಲೂಯಿಸನು ಮೊದಲ ಸುತ್ತಿನಲ್ಲಿಯೇ ಸೇಡು ತೀರಿಸಿಕೊಂಡನು. ಸಮಬಲನಾದ ಶ್ಮೆಲಿಂಗನಿಲ್ಲದೆ ಲೂಯಿಸನು ಎಷ್ಟೇ ಬಲಿಷ್ಠನಾದರೂ ಅವನ ಬಲಕ್ಕೆ ಬೆಲೆ ಕಟ್ಟುವವರಿಲ್ಲ ಎಂಬುದು ಆ ಲೇಖನದ ಸಾರ. ಅಮೆರಿಕದ ಫುಟ್‌ಬಾಲ್ ಲೀಗಿನಲ್ಲಿ ೧೯೩೬ರಿಂದ ಒಂದು ಪದ್ಧತಿಯುಂಟು: ಹಿಂದಿನ ವರ್ಷ ಎಲ್ಲರಿಗಿಂತ ಹಿಂದೆ ಬಿದ್ದ ತಂಡಕ್ಕೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ ಮೊದಲ ಸರದಿ. ನಮ್ಮ ದೇಶದಲ್ಲಿ ೨೦೦೮ರಲ್ಲಿ ಆರಂಭವಾದ ಇಂಡಿಯನ್ ಪ್ರೀಮಿಯರ್ ಲೀಗಿನಲ್ಲಿ ತಂಡಗಳ ಒಡೆಯರೆಲ್ಲ ಕೋಟ್ಯಧಿಪತಿಗಳು. ಆದರೂ ಹರಾಜಿನಲ್ಲಿ ಮನಸ್ಸು ಬಂದಷ್ಟು ಹಣ ಸುರಿಯುವಂತಿಲ್ಲ. ೨೦೨೫ರ ಪಂದ್ಯಗಳಿಗೆ ತಂಡವೊಂದಕ್ಕೆ ೧೨೦ ಕೋಟಿ ರೂಪಾಯಿಯ ಮಿತಿ ಇದ್ದಿತು. ಟೆಲಿವಿಷನ್ ಪ್ರಸಾರದಿಂದ ಬರುವ ಹಣದಲ್ಲಿ ಗೆದ್ದವರಿಗೂ ಸೋತವರಿಗೂ ಪಾಲುಂಟು.

ಇನ್ನೊಂದು ಮಾತು. ಸಿಮೆಂಟು ಮಾಡುವವರೆಲ್ಲ ಗುಟ್ಟಾಗಿ ಒಂದೆಡೆ ಕುಳಿತು, ಇಂತಿಷ್ಟಕ್ಕೇ ಮಾರೋಣವೆಂದು ಒಪ್ಪಂದ ಮಾಡಿಕೊಂಡರೆ ೨೦೦೨ರ ಸ್ಪರ್ಧಾ ಕಾಯಿದೆಯ ಪ್ರಕಾರ ಅದು ಅಪರಾಧ. ಆದರೆ ಆಟದ ತಂಡಗಳು ಒಂದೆಡೆ ಕುಳಿತು ದಿನ, ಹೊತ್ತು, ಕಟ್ಟಳೆ, ಖರ್ಚಿನ ಮಿತಿ ಇವುಗಳನ್ನು ಒಪ್ಪಿಕೊಳ್ಳದಿದ್ದರೆ ಆಟವೇ ನಡೆಯದು. ಅಲ್ಲಿ ದೋಷವಾದುದು ಇಲ್ಲಿ ಧರ್ಮ.

ಹಾಗೆಂದು ಸಮ ಮಾಡುವ ನೆಪದಲ್ಲಿ ಫಲವನ್ನು ಮೊದಲೇ ಗೊತ್ತುಮಾಡಿಕೊಂಡರೆ ಅದು ಕೇಡಿಗೆ ಮೂಲ. ಅಳಿಯಂದಿರ ಕಾರ್ಖಾನೆಯಲ್ಲಿ ಒಂದು ತುಂಡಿಗೂ ಮತ್ತೊಂದಕ್ಕೂ ಕೂದಲೆಳೆಯ ವ್ಯತ್ಯಾಸವಾದರೂ ಸರಕು ತಿರುಗಿ ಬರುತ್ತದೆ. ಆಟದಲ್ಲಿ ಇಂದಿನದು ನಿನ್ನೆಯಂತೆಯೇ ಆಗುತ್ತದೆಂದು ತಿಳಿದರೆ ಯಾರೂ ಚಾಪೆ ಹಿಡಿದು ಬರುವುದಿಲ್ಲ. ಮುಂದೇನಾಗುವುದೋ ಎಂಬುದೇ ಇಲ್ಲಿ ಮಾರಾಟಕ್ಕಿರುವ ವಸ್ತು. ೨೦೦೦ನೆಯ ಇಸವಿಯಲ್ಲಿ ದಕ್ಷಿಣ ಆಫ್ರಿಕದ ಕ್ರಿಕೆಟ್ ನಾಯಕ ಹ್ಯಾನ್ಸಿ ಕ್ರೋನಿಯೆ ಜೂಜುಕೋರರಿಂದ ಹಣ ಪಡೆದುದು ಹೊರಬಿದ್ದಾಗ, ಜನರಿಗೆ ಆದ ದುಃಖವು ಮೋಸಹೋದ ಗಿರಾಕಿಯ ದುಃಖದಂತಿರಲಿಲ್ಲ. ಮನೆಯವರೇ ಮೋಸಮಾಡಿದಂತೆ ಇತ್ತು. ಒಂದು ಕಾಯಿ ಕಡಮೆ ಇಟ್ಟುಕೊಳ್ಳುವುದು ಬೇರೆ, ಬೇಕೆಂದು ಸೋಲುವುದು ಬೇರೆ ಎಂದು ಚೌಕಾಬಾರದ ಅಜ್ಜಿ ಹೇಳಿದುದು ಇದನ್ನೇ.

ಇನ್ನು ನಷ್ಟದ ವಿಚಾರ. ನಮ್ಮ ತರೀಕೆರೆಯಿಂದ ಮುಂದೆ ಸಿಕ್ಕುವ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರನ್ನು ಅರಿಯದವರಾರು? ೧೯೮೦ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯದಲ್ಲಿ ಅವರು ಭಾರತದ ನಾಯಕರು. ಇಂಗ್ಲೆಂಡಿನವರು ೫೮ ರನ್ನಿಗೆ ಐದು ಮಂದಿಯನ್ನು ಕಳೆದುಕೊಂಡಿದ್ದರು. ಅನಂತರ ಬಾಬ್ ಟೇಲರನು ಔಟಾದನೆಂದು ಅಂಪೈರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿರಲಿಲ್ಲವೆಂದು ಮನಗಂಡ ವಿಶ್ವನಾಥರು ಅಂಪೈರರ ಬಳಿಗೆ ಹೋಗಿ ಅವನನ್ನು ಹಿಂದಕ್ಕೆ ಕರೆಯಿಸಿದರು. ಟೇಲರನೂ ಇಯಾನ್ ಬೋಥಮನೂ ಕೂಡಿ ೧೭೧ ರನ್ನು ಸೇರಿಸಿದರು. ಇಂಗ್ಲೆಂಡು ಹತ್ತು ವಿಕೆಟ್ಟುಗಳಿಂದ ಗೆದ್ದಿತು. ಯಾವುದಾದರೊಂದು ಕಂಪನಿಯ ಮೇಲಾಳು, ಎದುರು ಕಂಪನಿಗೆ ತಪ್ಪಿಹೋಗಿದ್ದ ವ್ಯಾಪಾರವನ್ನು ತಾನೇ ಕರೆದು ಕೊಟ್ಟಿದ್ದರೆ ಷೇರುದಾರರು ಅವನನ್ನು ಮರುದಿನವೇ ಮನೆಗೆ ಕಳುಹಿಸುತ್ತಿದ್ದರು. ವಿಶ್ವನಾಥರು ಸೋತ ಆ ಪಂದ್ಯವಾದರೋ ನಲವತ್ತು ವರ್ಷಗಳ ಮೇಲೂ ಕ್ರಿಕೆಟ್ಟಿನ ಬೊಕ್ಕಸದಲ್ಲಿ ಬಂಗಾರದಂತೆ ಕುಳಿತಿದೆ. ನಾನು ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದವನು. ಬೆವರು ಸುರಿಸುತ್ತ ಬಂದ ಏಳು ಮಂದಿ ಹುಡುಗರು ಎದುರು ನಿಂತಾಗ ಮಾತ್ರ ನನಗೆ ಅದು ನೆನಪಾಗಲಿಲ್ಲ!

ಮರುದಿನ ಬೆಳಗ್ಗೆ ತಮ್ಮನ ಮಗನನ್ನು ಕರೆದುಕೊಂಡು ಕೆರೆಯ ಬಯಲಿನ ಹಳ್ಳಿಗೆ ಹೊರಟೆನು. ಆ ಹುಡುಗನು ಅಂಗಳದಲ್ಲಿ ಅಡಿಕೆ ಹರಡುತ್ತಿದ್ದನು. "ಬನ್ನಿ ಸಾರ್" ಎಂದನು. ಅದಕ್ಕಿಂತ ಹೆಚ್ಚು ಮಾತಿಲ್ಲ. ನಾನು, "ಅಪ್ಪಾ, ಹೋದ ವರ್ಷ ನಾನು ಮಾಡಿದ್ದು ತಪ್ಪಾಯಿತು" ಎಂದೆನು. ಮೇಷ್ಟರಾದವರಿಗೆ ಈ ವಾಕ್ಯದ ಅಭ್ಯಾಸ ಕಡಮೆ. ಗಂಟಲಿನಲ್ಲಿ ಸ್ವಲ್ಪ ಹೊತ್ತು ಸಿಕ್ಕಿಕೊಂಡೇ ಹೊರಗೆ ಬಂದಿತು. ಹುಡುಗನು ತಲೆ ತಗ್ಗಿಸಿ, "ಅದೇ ನಮ್ಮ ಕಡೇ ವರ್ಷ ಅಂದ್ಕೊಂಡಿದ್ವಿ ಸಾರ್. ಇಬ್ಬರು ಆಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋದ್ರು. ತಂಡ ಒಡೆದುಹೋಯ್ತು" ಎಂದನು. ಕಳೆದುಹೋದ ಆ ಪಂದ್ಯವನ್ನು ಇನ್ನು ಯಾರೂ ಆಡಿಸಲಾರರು. ತಪ್ಪೊಪ್ಪಿಕೊಂಡರೂ ಹಿಂದಿರುಗಿ ಬಾರದ ವಸ್ತುಗಳುಂಟೆಂಬುದು ಆಗ ನನಗೆ ಚೆನ್ನಾಗಿ ಮನದಟ್ಟಾಯಿತು.

ಜಗುಲಿಯ ಮೇಲೆ ಕುಳಿತಿದ್ದ ಅವನ ತಾತ ನಮ್ಮ ಮಾತನ್ನು ಕೇಳುತ್ತಿದ್ದನು. ನಮ್ಮ ಸೀಮೆಯು ಅಮೃತಮಹಲ್ ದನಗಳಿಗೆ ಹೆಸರಾದುದು. ಅಜ್ಜಂಪುರದಲ್ಲಿ ಆ ತಳಿಯನ್ನು ಕಾಪಾಡುವ ಕೇಂದ್ರವೇ ಇದೆ. ತಾತನೂ ಎತ್ತುಗಳೊಡನೆ ಬಾಳಿದವನು. "ಮೇಷ್ಟ್ರೇ, ನೊಗಕ್ಕೆ ಒಂದು ಕಡೆ ಗಟ್ಟಿ ಎತ್ತು, ಒಂದು ಕಡೆ ಬಡಕಲು ಕಟ್ಟಿದ್ರೆ ಗಾಡಿ ಮುಂದಕ್ಕೆ ಹೋಗಲ್ಲ, ಒಂದೇ ಕಡೆ ಎಳ್ಕೊಂಡು ಹಳ್ಳಕ್ಕೆ ಇಳೀತದೆ" ಎಂದನು. ಆಮೇಲೆ ಮೊಮ್ಮಗನ ಕಡೆ ತಿರುಗಿ, "ಮನೆ ಬಾಗಿಲಿಗೆ ಬಂದವ್ರೆ. ಹುಡುಗರನ್ನ ಸೇರಿಸ್ಕೊಂಡು ಹೋಗ್ರಲೇ" ಎಂದನು.

ಹಾಗೆಯೇ ಉಳಿದ ಊರುಗಳಿಗೂ ಹೋದೆವು. ಕಟ್ಟಳೆಗಳನ್ನು ಹೊಸದಾಗಿ ಬರೆದೆವು. ಹೊರಗಿನ ಆಟಗಾರರು ತಂಡಕ್ಕೆ ಒಬ್ಬನಿಗಿಂತ ಹೆಚ್ಚಿರಬಾರದು. ಬಹುಮಾನವು ನಾಲ್ಕನೆಯ ಸ್ಥಾನದವರೆಗೂ ಹಂಚಿಕೆಯಾಗಬೇಕು. ದೂರದ ತಂಡಕ್ಕೆ ಗಾಡಿಯ ಖರ್ಚನ್ನು ನಾವೇ ಕೊಡಬೇಕು. ದಾರಿಯಲ್ಲಿ ತೊಂದರೆಯಾಯಿತೆಂದು ಹೇಳಿ ಕಳುಹಿಸಿದರೆ ಆ ಪಂದ್ಯವನ್ನು ಹಿಂದುಮುಂದು ಮಾಡಿ ಕಾಯಬೇಕು. ಅಳಿಯಂದಿರು ಪಟ್ಟಿಯನ್ನು ಓದಿ, "ಇದು ಪೈಪೋಟಿಯವನ ಬಾಡಿಗೆಯನ್ನು ನಾವು ಕಟ್ಟಿದಂತಾಯಿತಲ್ಲ ಮಾವ!" ಎಂದರು. ಹೌದೆಂದೆನು.

ಆ ವರ್ಷ, ೨೦೨೫ರ ಆರಂಭದಲ್ಲಿ, ಹದಿಮೂರು ತಂಡಗಳು ಬಂದುವು. ಕೊನೆಯ ಪಂದ್ಯ ನಮ್ಮವರಿಗೂ ಕೆರೆಯ ಬಯಲಿನವರಿಗೂ. ಕಬಡ್ಡಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಧರ್ಮವುಂಟು: ಔಟಾಗಿ ಹೊರಗೆ ಕುಳಿತವನು, ತನ್ನವರು ಎದುರಿನವರಲ್ಲಿ ಒಬ್ಬನನ್ನು ಔಟು ಮಾಡಿದೊಡನೆ ಮರಳಿ ಅಂಗಳಕ್ಕೆ ಬರುತ್ತಾನೆ. ಆ ರಾತ್ರಿ ಎಷ್ಟು ಸಲ ಸತ್ತವರು ಬದುಕಿ ಬಂದರೋ ಲೆಕ್ಕವಿಲ್ಲ. ನಡುರಾತ್ರಿ ದಾಟಿದರೂ ಒಬ್ಬರೂ ಕದಲಲಿಲ್ಲ. ಬೋಂಡದ ಮುದುಕನು ಎರಡು ಸಲ ಹಿಟ್ಟು ಕಲಸಿದನು. ಕೊನೆಯಲ್ಲಿ ೩೧ಕ್ಕೆ ೨೯ ಅಂಕಗಳಾಗಿ ನಾವು ಸೋತೆವು. ಲೆಕ್ಕದಲ್ಲಿ ೩,೪೦೦ ರೂಪಾಯಿ ಕೊರತೆ. ಅದು ನನ್ನ ಪಿಂಚಣಿಯಿಂದ ಹೋಯಿತು. "ಮೇಷ್ಟ್ರು ಊರಿನ ಕಪ್ಪನ್ನು ದಾನ ಮಾಡಿಬಿಟ್ಟರು" ಎಂದು ಅಂಗಡಿ ಬೀದಿಯಲ್ಲಿ ಆಡಿಕೊಂಡರು. ಅದನ್ನು ಸಹಿಸಿದೆನು. ಸಹಿಸಲಾಗದೆ ಹೋದುದು ತಮ್ಮನ ಮಗನ ಮೌನ. ಅವನು ನಮ್ಮ ಮನೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟನು.

ಪಾಣಿನೀಯ ಧಾತುಪಾಠದಲ್ಲಿ ದಿವ್ ಎಂಬ ಧಾತುವಿದೆ. ದೇವ ಎಂಬುದೂ ದ್ಯೂತ ಎಂಬುದೂ ಅದರಿಂದಲೇ ಬಂದ ಶಬ್ದಗಳು. ಆ ಒಂದು ಧಾತುವಿಗೆ ಹತ್ತು ಅರ್ಥಗಳನ್ನು ಹೇಳಿದ್ದಾರೆ. ಆಟ, ಗೆಲ್ಲಬೇಕೆಂಬ ಇಚ್ಛೆ, ವ್ಯವಹಾರ, ಹೊಗಳಿಕೆ, ಹರ್ಷ, ಮದ, ನಿದ್ರೆ ಇವೆಲ್ಲವೂ ಅವುಗಳೊಳಗೆ ಸೇರಿವೆ. ಹುಡುಗರಿಗೆ ಇದನ್ನು ಬಾಯಿಪಾಠ ಮಾಡಿಸುವಾಗ, ಇಷ್ಟೊಂದು ಸಂಬಂಧವಿಲ್ಲದ ಅರ್ಥಗಳು ಒಂದೆಡೆ ಹೇಗೆ ಸೇರಿದುವೆಂದು ನನಗೇ ಅಚ್ಚರಿಯಾಗುತ್ತಿತ್ತು. ಈಗ ಅಚ್ಚರಿಯಿಲ್ಲ. ಬೇರೆ ಉದ್ಯಮವನ್ನು ನಡೆಸುವವನಿಗೆ ಗೆಲ್ಲುವ ಇಚ್ಛೆ, ವ್ಯವಹಾರ ಎಂಬ ಎರಡನ್ನು ಸಂಭಾಳಿಸಿದರೆ ಸಾಕಾದೀತು. ಆಟವನ್ನು ನಡೆಸುವವನಿಗೆ ಇವೆಲ್ಲವೂ ಒಂದೇ ಗಳಿಗೆಯಲ್ಲಿ ಎದುರಾಗುತ್ತವೆ. ನಿದ್ರೆ ಎಂಬ ಅರ್ಥವನ್ನಂತೂ ಮೊದಲನೆಯ ವರ್ಷ ನಾನೇ ಪ್ರೇಕ್ಷಕರಿಗೆ ಉದಾಹರಿಸಿ ತೋರಿಸಿದ್ದೆನು!

ಮದವೆಂಬ ಅರ್ಥದ ಭಯಂಕರವಾದ ವ್ಯಾಖ್ಯಾನವನ್ನು ಅದೇ ವರ್ಷ ಬೆಂಗಳೂರಿನಲ್ಲಿ ಕಾಣಬೇಕಾಯಿತು. ರಾಯಲ್ ಚಾಲೆಂಜರ್ಸ್ ತಂಡದ ಗಂಡಸರು ೨೦೦೮ರಿಂದ ಹದಿನೇಳು ವರ್ಷ ಆಡಿಯೂ ಕಪ್ಪನ್ನು ಗೆದ್ದಿರಲಿಲ್ಲ. ಹದಿನೇಳು ವರ್ಷ ನೊರೆ ಬಾರದ ಸಾಬೂನನ್ನು ಯಾವ ಗೃಹಿಣಿಯಾದರೂ ಕೊಳ್ಳುವಳೆ? ಆದರೆ ಈ ತಂಡದ ಅಭಿಮಾನಿಗಳು ಸೋತಷ್ಟೂ ಹತ್ತಿರವಾದರೇ ಹೊರತು ದೂರವಾಗಲಿಲ್ಲ. ಅವರು ಗಿರಾಕಿಗಳಲ್ಲ, ಬಂಧುಗಳು. ೨೦೨೫ರ ಜೂನ್ ೩ರಂದು ಅಹಮದಾಬಾದಿನಲ್ಲಿ ಪ್ರತಿಪಕ್ಷವನ್ನು ೬ ರನ್ನುಗಳಿಂದ ಸೋಲಿಸಿ ತಂಡವು ಕೊನೆಗೂ ಕಪ್ಪು ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಉಂಟಾದ ನೂಕುನುಗ್ಗಲಿನಲ್ಲಿ ೧೧ ಮಂದಿ ಪ್ರಾಣ ಬಿಟ್ಟರು. ಅಂಗಡಿಗೆ ಜನ ಮುಗಿಬಿದ್ದರೆ ಅದು ಭಾಗ್ಯ. ಆಟದ ಬಾಗಿಲಿಗೆ ಮುಗಿಬಿದ್ದರೆ ಅದು ಹೊಣೆ. ಊರೂರಿನ ತೇರುಗಳಲ್ಲಿ ಹಗ್ಗ ಎಳೆಯುವವರು ಸಾವಿರ ಮಂದಿಯಿದ್ದರೂ, ಚಕ್ರಕ್ಕೆ ಮರದ ತುಂಡನ್ನು ಕೊಟ್ಟು ತಡೆಯುವವರು ಜೊತೆಯಲ್ಲಿಯೇ ನಡೆಯುತ್ತಾರೆ. ಭಕ್ತಿ ಹೆಚ್ಚಿದಷ್ಟೂ ತಡೆಯುವವರ ಎಚ್ಚರ ಹೆಚ್ಚಬೇಕು. ಆ ಸುದ್ದಿಯನ್ನು ನೋಡಿದ ರಾತ್ರಿ, ನಮ್ಮ ಚಪ್ಪರದ ಒಂದೇ ಒಂದು ಬಾಗಿಲು ನನ್ನ ಕಣ್ಣಿಗೆ ಕಟ್ಟಿತು. ಅದನ್ನು ಅಗಲ ಮಾಡಿಸಬೇಕೆಂದು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟೆನು.

೨೦೨೫ರ ನವೆಂಬರ್ ೨ರ ರಾತ್ರಿ ನಮ್ಮ ಹೆಣ್ಣುಮಕ್ಕಳ ವಿಶ್ವಕಪ್ಪಿನ ಕೊನೆಯ ಪಂದ್ಯ. ಟೆಲಿವಿಷನ್ನಿನ ಮುಂದೆ ನಾವು ಕುಳಿತಿದ್ದಾಗ ಬಾಗಿಲಲ್ಲಿ ನೆರಳಾಡಿತು, ತಮ್ಮನ ಮಗ. ಅವರ ಮನೆಯಲ್ಲಿ ಕರೆಂಟು ಇರಲಿಲ್ಲವಂತೆ. ನಮ್ಮ ಮನೆಗೂ ಅವರ ಮನೆಗೂ ಇರುವುದು ಒಂದೇ ಲೈನು ಎಂದು ಬಲ್ಲ ನನ್ನ ಹೆಂಡತಿಯು ಏನೂ ಹೇಳದೆ ಒಂದು ಲೋಟ ಕಾಫಿ ತಂದು ಅವನ ಮುಂದಿಟ್ಟಳು. ಭಾರತವು ದಕ್ಷಿಣ ಆಫ್ರಿಕವನ್ನು ೫೨ ರನ್ನುಗಳಿಂದ ಸೋಲಿಸಿ ಮೊದಲ ಸಲ ಕಪ್ಪನ್ನು ಎತ್ತಿಹಿಡಿಯಿತು. ಆಗ ಅವನಿಗೆ ೨೦೧೭ರ ಜುಲೈ ೨೩ನ್ನು ನೆನಪಿಸಿದೆನು. ಅಂದು ಲಾರ್ಡ್ಸಿನಲ್ಲಿ ಇಂಗ್ಲೆಂಡಿನ ಎದುರು ನಮ್ಮ ಕಡೂರಿನಲ್ಲಿ ಹುಟ್ಟಿದ ವೇದಾ ಕೃಷ್ಣಮೂರ್ತಿಯವರು ೩೫ ರನ್ನು ಹೊಡೆದರು. ಆದರೂ ೯ ರನ್ನುಗಳಿಂದ ಸೋಲಾಯಿತು. ಆ ಸೋಲನ್ನು ನೋಡಿದ ದೇಶವು ಹೆಂಗಸರ ಕ್ರಿಕೆಟ್ಟನ್ನು ಮತ್ತೆ ಅಲಕ್ಷ್ಯ ಮಾಡಲಿಲ್ಲ. ೨೦೨೩ರಲ್ಲಿ ಅವರದೇ ಆದ ಲೀಗು ಆರಂಭವಾಯಿತು. ಕಪ್ಪು ಗೆದ್ದ ತಂಡದಲ್ಲಿ ವೇದಾ ಇರಲಿಲ್ಲ. ಅದೇ ವರ್ಷ ಜುಲೈಯಲ್ಲಿ ಅವರು ಆಟದಿಂದ ನಿವೃತ್ತರಾಗಿದ್ದರು. "ಅವರು ಬಿತ್ತಿದ್ದನ್ನು ಇವರು ಕೊಯ್ದರು ಮಗು. ಕಾರ್ಖಾನೆಯ ಲೆಕ್ಕದಲ್ಲಿ ಆ ೯ ರನ್ನು ನಷ್ಟ. ಆಟದ ಲೆಕ್ಕದಲ್ಲಿ ಬಿತ್ತನೆ" ಎಂದೆನು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಫಿಯ ಲೋಟವನ್ನು ಕೆಳಗಿಟ್ಟು ಕೇಳಿದನು: "ದೊಡ್ಡಪ್ಪ, ಈ ಸಂಕ್ರಾಂತಿಗೆ ಕೆರೆ ಬಯಲಿನೋರು ಬರ್ತಾರಾ?"

"ಏಕೆ?"

"ಅವರಲ್ಲಿ ಇನ್ನೊಬ್ಬ ಬೆಂಗಳೂರಿಗೆ ಹೋಗ್ತಾನಂತೆ. ಆಳು ಕಡಮೆಯಾದ್ರೆ ಬರಲ್ಲ ಅಂತಾರೆ. ನಮ್ಮಲ್ಲಿ ಒಬ್ಬನ್ನ ಅವರಿಗೆ ಕೊಡೋಣ್ವಾ? ಅವರಿಲ್ಲದಿದ್ರೆ ಆಡಿ ಏನು ಸುಖ?"

ನನ್ನ ಹೆಂಡತಿ ನನ್ನ ಮುಖವನ್ನು ನೋಡಿದಳು. ನಾನು ಏಳಲು ಹೋದೆನು; ಅಷ್ಟರಲ್ಲಿ ತಮ್ಮನ ಮಗನೇ ಎದ್ದು, ಗೂಡಿನಲ್ಲಿದ್ದ ಲೆಕ್ಕದ ಪುಸ್ತಕವನ್ನು ತಂದು ನನ್ನ ಮುಂದಿಟ್ಟನು.